ಬಡ ಸೈನ್ಯ ಬಲಾಢ್ಯರ ಎದುರು ನಿಲ್ಲುವುದು ಹೇಗೆ? ಬಂದೂಕಿಗಿಂತ ಮೊದಲು ಅಕ್ಕಿಮೂಟೆ ನೋಡಿ

ಪ್ರಶ್ನೆ: ಮಾಷ್ಟ್ರೇ, ನಾನು ಮುಳ್ಳೇರಿಯ ಕಡೆಯವನು, ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಟ್ಯಾಂಕು, ವಿಮಾನ, ಹಡಗು ಯಾವುದೂ ಸರಿಯಾಗಿ ಇಲ್ಲದ ಸೈನ್ಯ ತನಗಿಂತ ಎಷ್ಟೋ ಪಟ್ಟು ದೊಡ್ಡ ಶಕ್ತಿಯ ಎದುರು ಹೇಗೆ ನಿಲ್ಲುತ್ತದೆ? ವಿಯೆಟ್ನಾಮಿನವರು ಗೆದ್ದದ್ದು ಕಾಡಿನಿಂದಲಾ, ಧೈರ್ಯದಿಂದಲಾ? ನಮ್ಮ ಕಡೆ ಕುಂಪಣಿ (ಈಸ್ಟ್ ಇಂಡಿಯಾ ಕಂಪನಿ) ವಿರುದ್ಧ ಎದ್ದವರಿಗೂ ಕಾಡು, ಧೈರ್ಯ ಎರಡೂ ಇತ್ತಲ್ಲ, ಅವರು ಯಾಕೆ ಸೋತರು? ಡ್ರೋನ್ ಬಂದ ಮೇಲೆ ಇದೆಲ್ಲ ಬದಲಾಯಿತಾ?

ಉತ್ತರ: ಸೋತವರ ಬಗ್ಗೆಯೂ ಕೇಳಿದಿರಲ್ಲ, ಅದು ಒಳ್ಳೆಯದಾಯಿತು. ಈ ವಿಷಯ ಬಂದರೆ ಎಲ್ಲರೂ ವಿಯೆಟ್ನಾಂ, ಅಫ್ಘಾನಿಸ್ತಾನ ಅಂತ ಗೆದ್ದವರ ಹೆಸರು ಹೇಳಿ ಮುಗಿಸಿಬಿಡುತ್ತಾರೆ. ಅದೇ ದಾರಿ ಹಿಡಿದು ಮಣ್ಣುಪಾಲಾದವರು ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದಾರೆ.

ಧೈರ್ಯದ ಮಾತು ಮೊದಲು ಮುಗಿಸೋಣ. ಧೈರ್ಯ ಎರಡೂ ಕಡೆ ಇರುತ್ತದೆ, ಹಾಗಾಗಿ ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಕಾಡು ಅಡಗಿಸುತ್ತದೆ, ಆದರೆ ಊಟ ಹಾಕುವುದಿಲ್ಲ. ನಾನು ಯಾವ ಯುದ್ಧದ ಬಗ್ಗೆ ಓದಿದರೂ ಮೊದಲು ಹುಡುಕುವುದು ಒಂದೇ ಸಂಗತಿ: ಈ ಸೈನ್ಯಕ್ಕೆ ಅಕ್ಕಿ ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಯಾರ ಹೆಗಲ ಮೇಲೆ ಬರುತ್ತದೆ? ಬಲಾಢ್ಯ ಸೈನ್ಯಕ್ಕೆ ತೋಪು ಜಾಸ್ತಿ, ಕುದುರೆ ಜಾಸ್ತಿ, ಲಾರಿ ಜಾಸ್ತಿ. ಅಂದರೆ ಹೊಟ್ಟೆಯೂ ದೊಡ್ಡದು. ಬಡ ಸೈನ್ಯಕ್ಕೆ ಹೊಡೆಯಲು ಸಿಗುವ ಮೆತ್ತನೆಯ ಜಾಗ ಆ ಹೊಟ್ಟೆಯೇ.

ನಮಗೆ ಹತ್ತಿರದ ಒಂದು ಉದಾಹರಣೆ ನೋಡಿ. 1791ರ ಮೇ ತಿಂಗಳಲ್ಲಿ ಕುಂಪಣಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ್ದೂ ಆಯಿತು. ಆದರೂ ಕೋಟೆಗೆ ಮುತ್ತಿಗೆ ಹಾಕದೆ ವಾಪಸ್ ಹೋದ. ಯಾಕೆ? ದಾರಿಯುದ್ದಕ್ಕೂ ಟಿಪ್ಪುವಿನ ಕಡೆಯವರು ಹುಲ್ಲು ಸುಟ್ಟಿದ್ದರು. ಹಗುರ ಕುದುರೆ ಸವಾರರು ಸುದ್ದಿ ತರುವವರನ್ನೂ ದವಸ ತರುವವರನ್ನೂ ಹಿಡಿಯುತ್ತಿದ್ದರು. ಮೇಲಿಂದ ಮಳೆ. ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಎತ್ತಿಲ್ಲದ ಮೇಲೆ ಕೋಟೆ ಒಡೆಯುವ ತೋಪು ಬರೀ ಕಬ್ಬಿಣ ಅಲ್ವಾ? ಅದನ್ನು ತಾನೇ ಒಡೆಸಿ ಹಾಳುಮಾಡಿ, ಕಾರ್ನ್‌ವಾಲಿಸ್ ಬೆಂಗಳೂರಿನ ದಾರಿ ಹಿಡಿದ. ಮರುವರ್ಷ ಫೆಬ್ರುವರಿಯಲ್ಲಿ ಬಂದಾಗ ಅವನ ತೋಪಿಗಿಂತ ಮುಖ್ಯವಾಗಿ ಬದಲಾಗಿದ್ದು ದವಸದ ವ್ಯವಸ್ಥೆ. ಬಂಜಾರರ, ಅಂದರೆ ಲಂಬಾಣಿಗಳ ಎತ್ತಿನ ಹಿಂಡು ಧಾನ್ಯ ಹೊತ್ತು ಸೈನ್ಯದ ಜೊತೆಗಿತ್ತು. ಆ ಸಲ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಟಿಪ್ಪುವನ್ನು ಬಡ ಸೈನ್ಯದ ದೊರೆ ಅನ್ನಲಾಗದು, ನಿಜ. ಆದರೆ ಲೆಕ್ಕ ಅದೇ.

ಈಗ ವಿಯೆಟ್ನಾಮಿಗೆ ಬರೋಣ. ದಿಯೆನ್ ಬಿಯೆನ್ ಫು, 1954. ಲಾವೋಸ್ ಗಡಿಯ ಹತ್ತಿರ ಸುತ್ತ ಗುಡ್ಡ, ನಡುವೆ ಕಣಿವೆ, ಕಣಿವೆಯಲ್ಲಿ ಒಂದು ವಿಮಾನದ ಪಟ್ಟಿ. ಆಗ ಆ ದೇಶವನ್ನು ಆಳುತ್ತಿದ್ದ ಫ್ರೆಂಚರು ಬೇಕೆಂದೇ ಅಲ್ಲಿ ಹೋಗಿ ಕೂತರು. ಅವರ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ವಿಯೆತ್‌ಮಿನ್ ಸೈನ್ಯ ಬಯಲಿಗೆ ಇಳಿದು ಬರಲಿ, ನಮ್ಮ ತೋಪಿಗೆ, ವಿಮಾನಕ್ಕೆ ಸಿಕ್ಕಿ ಸಾಯಲಿ ಎನ್ನುವುದು ಅವರ ಲೆಕ್ಕಾಚಾರ. ಆ ಗುಡ್ಡದ ಮೇಲೆ ದೊಡ್ಡ ತೋಪು ತರಲು ಸಾಧ್ಯವಿಲ್ಲ, ತಂದರೂ ಗುಂಡು ಒದಗಿಸಲು ಆಗುವುದಿಲ್ಲ ಅಂತ ಅವರು ನಂಬಿದ್ದರು.

ಈ ನಂಬಿಕೆ ಹುಚ್ಚುತನ ಏನಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬ ಆಳು 20 ಕಿಲೋ ಅಕ್ಕಿ ಹೊತ್ತು ಗುಡ್ಡಗಾಡಿನಲ್ಲಿ ನಡೆಯುತ್ತಾನೆ ಅನ್ನಿ. ದಿನಕ್ಕೆ ಒಂದು ಕಿಲೋ ಅವನ ಊಟಕ್ಕೇ ಬೇಕು. ಹತ್ತು ದಿನದ ದಾರಿ ಹೋಗಿ, ಹತ್ತು ದಿನದ ದಾರಿ ವಾಪಸ್ ಬರಬೇಕಾದರೆ 20 ಕಿಲೋ ಅವನೇ ತಿಂದು ಮುಗಿಸಿರುತ್ತಾನೆ. ಸೈನಿಕನಿಗೆ ತಲುಪಿದ್ದು ಸೊನ್ನೆ. ಇದೇ ಕಾರಣಕ್ಕೆ, ಜನ ಎಷ್ಟೇ ಇದ್ದರೂ ಬರೀ ತಲೆಹೊರೆಯಿಂದ ದೂರದ ಯುದ್ಧ ನಡೆಸಲು ಆಗುವುದಿಲ್ಲ.

ಈ ಲೆಕ್ಕವನ್ನು ಮುರಿದದ್ದು ಸೈಕಲ್. ಹತ್ತಿ ತುಳಿಯುವುದಕ್ಕಲ್ಲ, ತಳ್ಳುವುದಕ್ಕೆ. ಹ್ಯಾಂಡಲ್ಲಿಗೆ ಅಡ್ಡಲಾಗಿ ಉದ್ದದ ಬಿದಿರಿನ ಕೋಲು ಕಟ್ಟುತ್ತಿದ್ದರು, ಪಕ್ಕದಲ್ಲಿ ನಡೆಯುವವನಿಗೆ ತಿರುಗಿಸಲು ಅನುಕೂಲವಾಗಲಿ ಅಂತ. ಸೀಟಿನ ಹಿಂದೆ ಇನ್ನೊಂದು ಕೋಲು ನೆಟ್ಟಗೆ, ತಳ್ಳಲು ಮತ್ತು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲು. ನಡುವಿನ ಕಬ್ಬಿಣದ ಎರಡೂ ಬದಿಗೆ ಮೂಟೆ. ಹೀಗೆ ಒಂದು ಸೈಕಲ್ಲಿನ ಮೇಲೆ 200 ಕಿಲೋಗಿಂತ ಜಾಸ್ತಿ ಸಾಗುತ್ತಿತ್ತು. ಆಗ ತಳ್ಳುವವನು ತನ್ನ ಊಟ ಕಳೆದರೂ ಬಹುಪಾಲು ಅಕ್ಕಿ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ಲಕ್ಷಗಟ್ಟಲೆ ಜನ ಈ ಹೊರೆಯ ಕೆಲಸದಲ್ಲಿದ್ದರು. ಹಾಗಂತ ಸೈಕಲ್ ಒಂದೇ ಗೆಲ್ಲಿಸಿತು ಅನ್ನುವುದು ಸುಮ್ನೆ ಚಂದದ ಕಥೆ. ಚೀನಾದಿಂದ ಬಂದ ಲಾರಿಗಳಿದ್ದವು, ವಿಮಾನ ಹೊಡೆಯುವ 37 ಮಿ.ಮೀ. ತೋಪುಗಳಿದ್ದವು. ಅಮೆರಿಕದಲ್ಲಿ ತಯಾರಾಗಿ, ಚೀನಾದ ಕೈಗೆ ಸಿಕ್ಕಿ, ಅಲ್ಲಿಂದ ಬಂದ 105 ಮಿ.ಮೀ. ತೋಪುಗಳೂ ಇದ್ದವು. ಹೊರಗಿನ ಸಹಾಯ ಇಲ್ಲದೆ ಪೂರ್ತಿ ಗೆದ್ದ ಬಡ ಸೈನ್ಯ ಸಿಗುವುದು ಕಷ್ಟ. ಇದನ್ನು ನಿಮ್ಮ ನೋಟ್ಸಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಿ.

ವಿಯೆತ್‌ಮಿನ್ ಸೇನಾಪತಿ ಜಿಯಾಪ್ ಮಾಡಿದ ಇನ್ನೊಂದು ಕೆಲಸ ನನಗೆ ಸೈಕಲ್ಲಿಗಿಂತ ದೊಡ್ಡದಾಗಿ ಕಾಣುತ್ತದೆ. ಜನವರಿ ಕೊನೆಗೆ ದಾಳಿ ಅಂತ ನಿಗದಿಯಾಗಿತ್ತು. ತೋಪುಗಳನ್ನು ಹಗ್ಗ ಕಟ್ಟಿ, ಮನುಷ್ಯರೇ ಎಳೆದು ಗುಡ್ಡ ಹತ್ತಿಸಿದ್ದರು. ಆಗ ಅವನು ಬೇಡ ಅಂದ. ಒಂದೇ ಏಟಿಗೆ ನುಗ್ಗಿದರೆ ಸೋಲುತ್ತೇವೆ, ತೋಪು ವಾಪಸ್ ಎಳೆಯಿರಿ ಅಂದ. ಅಷ್ಟು ಕಷ್ಟಪಟ್ಟು ಏರಿಸಿದವರಿಗೆ ಹೇಗಾಗಿರಬೇಡ! ಆಮೇಲೆ ವಾರಗಟ್ಟಲೆ ಗುಡ್ಡದ ಮೈಯಲ್ಲಿ ಗುಹೆಯಂತೆ ಕೊರೆದು, ತೋಪನ್ನು ಒಳಗಿಟ್ಟು, ಬಾಯಿ ಮಾತ್ರ ಹೊರಗೆ ಕಾಣುವಂತೆ ಮಾಡಿದರು. ಮಾರ್ಚ್ 13ಕ್ಕೆ ದಾಳಿ ಶುರು. ಫ್ರೆಂಚ್ ತೋಪುದಳದ ಮುಖ್ಯಸ್ಥ ಪಿರೋ ಎರಡೇ ದಿನದಲ್ಲಿ ಆತ್ಮಹತ್ಯೆ ಮಾಡಿಕೊಂಡ, ಎದುರಿನ ತೋಪುಗಳನ್ನು ಅಡಗಿಸಲು ಅವನಿಂದ ಆಗಲಿಲ್ಲ. ತಿಂಗಳ ಕೊನೆಯ ಹೊತ್ತಿಗೆ ವಿಮಾನದ ಪಟ್ಟಿ ಉಪಯೋಗಕ್ಕಿಲ್ಲವಾಯಿತು. ಆಮೇಲೆ ಮದ್ದುಗುಂಡು, ಊಟ ಎಲ್ಲ ಪ್ಯಾರಾಚೂಟಿನಲ್ಲಿ. ಅದರಲ್ಲಿ ಎಷ್ಟೋ ಎದುರಾಳಿಯ ಕಡೆಗೇ ಬೀಳುವುದು ಬೇರೆ. ಮೇ 7ಕ್ಕೆ ಮುಗಿಯಿತು. ಮರುದಿನವೇ ಜಿನೀವಾದಲ್ಲಿ ಇಂಡೋಚೀನಾದ ಮಾತುಕತೆ ಶುರುವಾಗುವುದಿತ್ತು. ಸೋತ ಸುದ್ದಿ ಹೊತ್ತುಕೊಂಡೇ ಫ್ರೆಂಚರು ಅಲ್ಲಿ ಕೂರಬೇಕಾಯಿತು.

ನೋಡಿ, ಇಲ್ಲಿ ಯಾರ ದಾರಿ ಉಳಿಯಿತು, ಯಾರದ್ದು ಕಡಿಯಿತು ಅನ್ನುವುದೇ ಎಲ್ಲ. ಬಡವರ ದಾರಿ ಉಳಿಯಿತು, ಬಲಾಢ್ಯರದ್ದು ಕಡಿಯಿತು.

ಎರಡನೆಯ ಸಂಗತಿ, ಎದುರಾಳಿಯ ದೊಡ್ಡ ಆಯುಧ ಕೆಲಸ ಮಾಡದ ಜಾಗಕ್ಕೆ ಜಗಳವನ್ನು ಎಳೆದುಕೊಂಡು ಹೋಗುವುದು. ಕೆಲವೊಮ್ಮೆ ಅದು ನೆಲದ ಕೆಳಗೆ. ಫ್ರೆಂಚರ ನಂತರ ಅಮೆರಿಕದ ಜೊತೆ ಯುದ್ಧ ನಡೆದಾಗ, ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಹತ್ತಿರದ ಕೂ ಚಿಯಲ್ಲಿ 200 ಕಿಲೋಮೀಟರಿಗೂ ಜಾಸ್ತಿ ಸುರಂಗ ಇತ್ತು. ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ಅಲ್ಲಿಯದ್ದೂ ನಮ್ಮ ಮುರಕಲ್ಲಿನ ಜಾತಿಯ ಮಣ್ಣು. ಕಾಸರಗೋಡಿನ ಗುಡ್ಡೆಗಳಲ್ಲಿ ನೀರಿಗೆ ಸುರಂಗ ತೋಡುವವರು ಹೇಳುವ ಹಾಗೆ, ತೋಡುವಾಗ ಪಿಕಾಸಿಗೆ ಸಿಗುತ್ತದೆ, ಗಾಳಿ ತಾಗಿ ಒಣಗಿದ ಮೇಲೆ ಆಧಾರ ಕೊಡದೆಯೇ ನಿಲ್ಲುತ್ತದೆ. ಅಲ್ಲಿಯ ಕಷ್ಟ ತೋಡುವುದಲ್ಲ, ತೋಡಿದ ಮಣ್ಣನ್ನು ಮೇಲಿಂದ ವಿಮಾನಕ್ಕೆ ಕಾಣದಂತೆ ಮಾಯ ಮಾಡುವುದು. ಬಾಂಬು ಬಿದ್ದ ಹೊಂಡಕ್ಕೆ ಸುರಿದರು, ಹೊಳೆಗೆ ಬಿಟ್ಟರು. ಇನ್ನೊಂದು ಕಷ್ಟ ಹೊಗೆ. ಅಡುಗೆ ಮಾಡಿದರೆ ಹೊಗೆ ಬರುತ್ತದೆ, ಹೊಗೆ ಕಂಡರೆ ಬಾಂಬು ಬರುತ್ತದೆ. ಇದಕ್ಕೆ ದಾರಿ ಹುಡುಕಿದ್ದು ಒಬ್ಬ ಅಡುಗೆಯವ, ಫ್ರೆಂಚರ ಕಾಲದಲ್ಲೇ. ಅವನ ಹೆಸರಲ್ಲೇ ಅದು ಹೊವಾಂಗ್ ಕಾಮ್ ಒಲೆ. ಒಲೆಯಿಂದ ಉದ್ದಕ್ಕೆ ಸಣ್ಣ ಚರಂಡಿ ತೋಡಿ, ಮೇಲೆ ಸೊಪ್ಪುಕೊಂಬೆ ಮುಚ್ಚಿ, ಹಸಿಮಣ್ಣು ಹಾಕುವುದು. ಹೊಗೆ ಅದರೊಳಗೆ ಹೋಗಿ ತಣ್ಣಗಾಗಿ, ನೆಲದ ಮೇಲೆಯೇ ಮಂಜಿನ ಹಾಗೆ ಹರಡಿ ಹೋಗುತ್ತದೆ. ನೋಡಿ, ಇಲ್ಲಿಯೂ ಅನ್ನದ ಪ್ರಶ್ನೆಯೇ.

ಕೆಲವೊಮ್ಮೆ ಆ ಜಾಗ ಎದುರಾಳಿಯ ಮೈಗೆ ಅಂಟಿಕೊಂಡೇ ಇರುತ್ತದೆ. ಅಮೆರಿಕನ್ನರ ಸೊಂಟದ ಬೆಲ್ಟು ಹಿಡಿದು ಹೊಡೆದಾಡಿ ಅಂತ ವಿಯೆಟ್ನಾಮಿನ ಸೇನಾನಾಯಕರು ಹೇಳುತ್ತಿದ್ದರು. ಅಷ್ಟು ಹತ್ತಿರ ಹೋದರೆ ಅವರ ವಿಮಾನ, ತೋಪು ಹೊಡೆಯಲು ಹೆದರುತ್ತವೆ, ತಮ್ಮವರಿಗೇ ತಾಗುತ್ತದಲ್ಲ.

ಬಯಲಿನಲ್ಲೂ ಇದು ಸಾಧ್ಯ. 1987ರಲ್ಲಿ ಆಫ್ರಿಕಾದ ಚಾಡ್ ಎನ್ನುವ ಬಡ ದೇಶ ನೆರೆಯ ಲಿಬಿಯಾದ ಟ್ಯಾಂಕುಗಳನ್ನು ಮರುಭೂಮಿಯಲ್ಲಿ ಮುರಿದು ಹಾಕಿತು. ಅಡಗಲು ಒಂದು ಪೊದೆ ಇಲ್ಲದ ಜಾಗ. ಚಾಡಿನವರ ಹತ್ತಿರ ಇದ್ದದ್ದು ಟೊಯೊಟಾ ಪಿಕಪ್, ಅದರ ಮೇಲೆ ಟ್ಯಾಂಕು ಒಡೆಯುವ ಫ್ರಾನ್ಸಿನ ಮಿಲಾನ್ ಕ್ಷಿಪಣಿ. ಟ್ಯಾಂಕಿನ ತೋಪು ತಿರುಗಿ ಗುರಿ ಹಿಡಿಯುವಷ್ಟರಲ್ಲಿ ಇವರು ಪಕ್ಕಕ್ಕೆ, ಹಿಂದಕ್ಕೆ ಬಂದಿರುತ್ತಿದ್ದರು. ಲಿಬಿಯಾದವರು ಹಿಡಿದಿದ್ದ ಫಾದಾ, ಆಮೇಲೆ ವಾದಿ ದೂಮ್ ನೆಲೆ, ಎರಡೂ ಬಿದ್ದವು. ಅಲ್ಲಿ ಕಾಡಿನ ಕೆಲಸವನ್ನು ವೇಗ ಮಾಡಿತು. ಫ್ರಾನ್ಸಿನ ವಿಮಾನಗಳು ದೇಶದ ದಕ್ಷಿಣವನ್ನು ಕಾಯುತ್ತಿದ್ದವು ಎನ್ನುವುದನ್ನೂ ಸೇರಿಸಿಕೊಳ್ಳಿ, ಮತ್ತೆ ಹೊರಗಿನ ಸಹಾಯ.

ಫಿನ್‌ಲ್ಯಾಂಡಿನ ಕಥೆ ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. 1939–40ರ ಚಳಿಗಾಲದಲ್ಲಿ ಸೋವಿಯತ್ ಪಡೆಗಳು ಕಾಡಿನ ನಡುವಿನ ಒಂದೇ ರಸ್ತೆಯಲ್ಲಿ ಉದ್ದಕ್ಕೆ ಸಾಲಾಗಿ ನಿಂತವು. ಫಿನ್ನರು ಹಿಮದ ಮೇಲೆ ಸ್ಕೀಯಲ್ಲಿ ಬಂದು ಆ ಸಾಲನ್ನು ತುಂಡುತುಂಡು ಮಾಡಿದರು. ಅವರು ಹುಡುಕಿ ಹೊಡೆಯುತ್ತಿದ್ದುದರಲ್ಲಿ ಅಡುಗೆಯ ಬಂಡಿಗಳೂ ಇದ್ದವು. ಅಂಥ ಚಳಿಯಲ್ಲಿ ಬಿಸಿ ಊಟ ಇಲ್ಲದ ಸೈನಿಕ ಗುಂಡು ತಗಲದೆಯೂ ಬೀಳುತ್ತಾನೆ. ಆದರೂ ಮಾರ್ಚಿನಲ್ಲಿ ಫಿನ್‌ಲ್ಯಾಂಡ್ ತನ್ನ ನೆಲದ ಹತ್ತರಲ್ಲಿ ಒಂದು ಪಾಲು ಬಿಟ್ಟುಕೊಟ್ಟೇ ಒಪ್ಪಂದ ಮಾಡಿಕೊಂಡಿತು. ದೇಶ ಉಳಿಯಿತು. ಬಡ ಸೈನ್ಯದ ಗೆಲುವು ಎಷ್ಟೋ ಸಲ ಇಷ್ಟೇ: ಪೂರ್ತಿ ನುಂಗದಂತೆ ಮಾಡುವುದು.

ಈಗ ನಮ್ಮ ಕಡೆಗೆ ಬನ್ನಿ. 1834ರಲ್ಲಿ ಕುಂಪಣಿ ಕೊಡಗಿನ ಮೇಲೆ ನಾಲ್ಕು ದಿಕ್ಕಿನಿಂದ ಸೈನ್ಯ ಕಳಿಸಿತು. ಅದರಲ್ಲಿ ಒಂದು ದಳ ಕರ್ನಲ್ ಜಾಕ್ಸನ್ ಕೈಕೆಳಗೆ ಹೊರಟದ್ದು ನಮ್ಮ ಕುಂಬಳೆಯಿಂದಲೇ. ಘಟ್ಟದ ಬುಡದ ಕಾಡಿನಲ್ಲಿ ಕೊಡಗಿನವರು ಮರದ ದಿಮ್ಮಿ, ಬಿದಿರು, ಮುಳ್ಳು ಹಾಕಿ ತಡೆ ಕಟ್ಟಿ ಕಾಯುತ್ತಿದ್ದರು. ಜಾಕ್ಸನ್ನನ ದಳ ಪೆಟ್ಟು ತಿಂದು ಹಿಂದೆ ಸರಿಯಿತು. ಉತ್ತರದಿಂದ ಬಂದ ದೊಡ್ಡ ದಳಕ್ಕೂ ಅದೇ ಗತಿ. ಬಕ್ಕ ಎಂಬಲ್ಲಿಯ ತಡೆಯ ಎದುರು ಲೆಫ್ಟಿನೆಂಟ್ ಕರ್ನಲ್ ಮಿಲ್ ಸೇರಿ ಎಷ್ಟೋ ಜನ ಸತ್ತರು. ಅಂದರೆ ನಾಲ್ಕರಲ್ಲಿ ಎರಡು ದಳ ಸೋತಿವೆ. ಆದರೂ ಏಪ್ರಿಲ್ 6ಕ್ಕೆ ಮಡಿಕೇರಿ ಕುಂಪಣಿಯ ಕೈಗೆ ಹೋಯಿತು! ಉಳಿದೆರಡು ದಳ ಮುಂದೆ ಬಂದವು, ರಾಜ ಚಿಕ್ಕವೀರರಾಜೇಂದ್ರ ಹೋರಾಡುವುದೋ ಬೇಡವೋ ಅಂತ ಹೊಯ್ದಾಡುತ್ತಿದ್ದವನು ಶರಣಾದ. ಕಾಡು ಇತ್ತು, ಧೈರ್ಯ ಇತ್ತು, ಗೆಲುವೂ ಇತ್ತು. ಯುದ್ಧವನ್ನು ಇನ್ನಷ್ಟು ದಿನ ಎಳೆಯುವ ಮನಸ್ಸು ಮೇಲಿದ್ದವನಿಗೆ ಇರಲಿಲ್ಲ. ಇನ್ನೆರಡು ತಿಂಗಳು ಎಳೆದಿದ್ದರೆ ಘಟ್ಟದ ಮಳೆ ಶುರುವಾಗುತ್ತಿತ್ತು. ಆ ಮಳೆಯಲ್ಲಿ ತೋಪು, ಎತ್ತು, ದವಸ ಎಲ್ಲ ಏನಾಗುತ್ತಿತ್ತು ಎನ್ನುವುದನ್ನು ಸುಳ್ಯ ಕಡೆಯ ದಾರಿ ಗೊತ್ತಿರುವ ನಿಮಗೆ ಹೇಳಬೇಕಾ?

ಮೂರು ವರ್ಷ ಬಿಟ್ಟು, 1837ರಲ್ಲಿ, ಅಮರ ಸುಳ್ಯದ ರೈತರು ಎದ್ದರು. ಧಾನ್ಯದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ನಗದಾಗಿ ಕೊಡಿ ಅಂದದ್ದು ಅವರ ಸಿಟ್ಟಿಗೆ ದೊಡ್ಡ ಕಾರಣ. ಬೆಳ್ಳಾರೆಯ ಖಜಾನೆ ಹಿಡಿದರು. ಏಪ್ರಿಲ್ ಮೊದಲ ವಾರ ಮಂಗಳೂರನ್ನೇ ಹಿಡಿದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಇಂಥ ಕೆಲಸ ಆ ಕಾಲದಲ್ಲಿ ಬಹಳ ಕಡಿಮೆ ಜನ ಮಾಡಿದ್ದಾರೆ, ಅದರ ಬಗ್ಗೆ ನನಗೆ ಹೆಮ್ಮೆಯೇ. ಆದರೆ ಯುದ್ಧದ ಲೆಕ್ಕದಲ್ಲಿ ಅದು ಅಪಾಯದ ಹೆಜ್ಜೆ. ಕಾಡಿನಲ್ಲಿ ಬಲ ಇದ್ದವರು ಕಡಲ ಬದಿಯ ಪೇಟೆಯಲ್ಲಿ ಬಂದು ಕೂತರು. ಕಡಲು ಕುಂಪಣಿಯದ್ದು. ಎರಡು ವಾರ ಆಗುವಷ್ಟರಲ್ಲಿ ಕಣ್ಣೂರಿನಿಂದ ಹಡಗಿನಲ್ಲಿ ಸೈನ್ಯ ಬಂತು, ಎಲ್ಲ ಚದುರಿತು. ಕೆದಂಬಾಡಿ ರಾಮಯ್ಯ ಗೌಡರಂಥವರನ್ನು ಹಿಡಿದರು. ಬಡ ಸೈನ್ಯ ಒಂದು ಜಾಗ ಹಿಡಿದು ಇಲ್ಲೇ ಇದ್ದೇನೆ ಅಂತ ತೋರಿಸಿದ ಕೂಡಲೇ ಎದುರಾಳಿಗೆ ಹುಡುಕುವ ಕಷ್ಟ ತಪ್ಪುತ್ತದೆ.

ಮಲಬಾರ್, ವಯನಾಡಿನ ಕಾಡುಗಳಲ್ಲಿ ಕುಂಪಣಿ ವಿರುದ್ಧ ಹೋರಾಡಿದ ಪಳಶ್ಶಿ ರಾಜ ಹಾಗೆ ಕೂರಲಿಲ್ಲ, ಅದಕ್ಕೇ ಅಷ್ಟು ವರ್ಷ ಉಳಿದ. 1797ರಲ್ಲಿ ಪೆರಿಯ ಘಾಟಿಯಲ್ಲಿ ಅವನ ಜನ ಕುಂಪಣಿ ತುಕಡಿಯನ್ನು ಸಿಕ್ಕಿಸಿ ಮೇಜರ್ ಕ್ಯಾಮರೂನನನ್ನು ಕೊಂದರು. 1802ರಲ್ಲಿ ಅವನ ಕಡೆಯ ತಲಕ್ಕಲ್ ಚಂದು ಮತ್ತು ಎಡಚ್ಚೇನ ಕುಂಕನ್ ಕುರಿಚ್ಯ ಬುಡಕಟ್ಟಿನ ಬಿಲ್ಲುಗಾರರ ಜೊತೆ ಪನಮರಂ ಠಾಣೆ ನುಗ್ಗಿದರು. ಕೈಯಲ್ಲಿ ಬಿಲ್ಲುಬಾಣ, ಎದುರು ಬಂದೂಕು. ಗೆದ್ದದ್ದು ಬಿಲ್ಲು. ಅವನನ್ನು ಮುಗಿಸಲು ಕುಂಪಣಿ ಎರಡು ಕೆಲಸ ಮಾಡಿತು, ಎರಡೂ ತೋಪಿನ ಕೆಲಸ ಅಲ್ಲ. ಮುಂದೆ ವಾಟರ್ಲೂ ಗೆದ್ದ ಆರ್ಥರ್ ವೆಲ್ಲೆಸ್ಲಿ ಇಲ್ಲಿ ಮಾಡಿಸಿದ್ದು ರಸ್ತೆ ಮತ್ತು ಠಾಣೆ. ಆಮೇಲೆ ಬಂದ ಸಬ್ ಕಲೆಕ್ಟರ್ ಬೇಬರ್ ಕೆಂಪು ಕೋಟಿನ ಸಿಪಾಯಿಗಳಿಗಿಂತ ಜಾಸ್ತಿ ನಂಬಿದ್ದು ಕೋಲ್ಕಾರರನ್ನು, ಅಂದರೆ ಅದೇ ಊರಿನ, ಅದೇ ಕಾಡುದಾರಿ ಗೊತ್ತಿದ್ದ ಜನರನ್ನು. ಅನ್ನ ಕೊಡುತ್ತಿದ್ದ ಮನೆಗಳು ಹೆದರಿ ಬಾಗಿಲು ಹಾಕಿದವು, ಸುದ್ದಿ ಕೊಡುವವರು ಹುಟ್ಟಿಕೊಂಡರು. 1805ರ ನವೆಂಬರ್ 30ಕ್ಕೆ ಮುಗಿಯಿತು.

ಈ ವಿದ್ಯೆಯನ್ನು ಕೊನೆಯ ಹನಿಯವರೆಗೆ ಹಿಂಡಿದವರು ಮಲಯಾದಲ್ಲಿದ್ದ (ಇಂದಿನ ಮಲೇಷ್ಯಾದ ಭಾಗ) ಬ್ರಿಟಿಷರು. 1948ರಿಂದ ಅಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳು ಕಾಡಿನಲ್ಲಿದ್ದರು. ಕಾಡಿನ ಅಂಚಿನ ರೈತರು ಊಟ ಕೊಡುತ್ತಿದ್ದರು. 1950ರಿಂದ ಸುಮಾರು 5 ಲಕ್ಷ ಜನರನ್ನು ಎಬ್ಬಿಸಿ ಮುಳ್ಳುತಂತಿ ಹಾಕಿದ ಹೊಸ ಹಳ್ಳಿಗಳಿಗೆ ತಂದು ಹಾಕಿದರು. ಅಂಗಡಿಯವ ಡಬ್ಬಿಯ ಮೀನು ಮಾರುವಾಗ ಅಲ್ಲೇ ತೂತು ಮಾಡಿ ಕೊಡಬೇಕು, ಕಾಡಿಗೆ ಸಾಗಿಸಿ ಕೂಡಿಡಲು ಆಗಬಾರದು. ಕೆಲವು ಕಡೆ ಅಕ್ಕಿಯನ್ನೇ ಕೊಡುತ್ತಿರಲಿಲ್ಲ, ಒಟ್ಟಿಗೆ ಬೇಯಿಸಿ ಅನ್ನ ಬಡಿಸುತ್ತಿದ್ದರು. ಆ ಸೆಕೆಯಲ್ಲಿ ಅನ್ನ ಮರುದಿನಕ್ಕೆ ಹಳಸುತ್ತದೆ ಅಲ್ವಾ? ಕ್ರೂರ ಉಪಾಯ. ಕೆಲಸ ಮಾಡಿತು. ಕಾಡು ಪಕ್ಕಾ ಇತ್ತು, ಗೆರಿಲ್ಲಾಗಳು ಹಸಿವಿನಿಂದ ಹೊರಗೆ ಬಂದರು. ಗಡಿಯಾಚೆ ಒರಗಲು ಅವರಿಗೆ ಚೀನಾದಂಥ ನೆರೆಯವರೂ ಇರಲಿಲ್ಲ. ವಿಯೆಟ್ನಾಂಗೂ ಮಲಯಾಕ್ಕೂ ಇರುವ ವ್ಯತ್ಯಾಸದಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಉಳಿದ ಅರ್ಧ, ಎದುರಾಳಿಗೆ ಈ ಯುದ್ಧ ಎಷ್ಟು ಬೇಕು ಎನ್ನುವುದು. 1968ರ ಟೆಟ್ ಹಬ್ಬದ (ವಿಯೆಟ್ನಾಮಿನವರ ಹೊಸವರ್ಷ) ದಾಳಿಯಲ್ಲಿ ವಿಯೆಟ್ನಾಂ ಕಮ್ಯುನಿಸ್ಟರು ಯುದ್ಧಭೂಮಿಯ ಲೆಕ್ಕದಲ್ಲಿ ಸೋತರು, ಅವರ ದಕ್ಷಿಣದ ಪಡೆ ನುಚ್ಚುನೂರಾಯಿತು. ಆದರೆ ಗೆಲ್ಲುತ್ತಾ ಇದ್ದೇವೆ ಅಂತ ಕೇಳುತ್ತಾ ಇದ್ದ ಅಮೆರಿಕದ ಜನ ಟಿವಿಯಲ್ಲಿ ಸೈಗಾನಿನ ತಮ್ಮ ರಾಯಭಾರ ಕಚೇರಿಯ ಅಂಗಳದಲ್ಲೇ ಗುಂಡಿನ ಕಾಳಗ ನೋಡಿದರು. ಅಮೆರಿಕಕ್ಕೆ ಅದು ಬಿಟ್ಟು ಹೋಗಬಹುದಾದ ಯುದ್ಧ. ವಿಯೆಟ್ನಾಮಿನವರಿಗೆ ಹೋಗಲು ಬೇರೆ ಊರಿಲ್ಲ. ಅವರು ಕೊಟ್ಟ ಬೆಲೆ ಕೇಳಿದರೆ ಮೈ ಜುಮ್ ಅನ್ನುತ್ತದೆ. ವಿಯೆಟ್ನಾಂ ಸರ್ಕಾರವೇ 1995ರಲ್ಲಿ ಹೇಳಿದ ಪ್ರಕಾರ ಹೋರಾಟಗಾರರು ಸುಮಾರು 11 ಲಕ್ಷ, ನಾಗರಿಕರು ಸುಮಾರು 20 ಲಕ್ಷ ಸತ್ತರು. ಅಮೆರಿಕನ್ನರು ಸುಮಾರು 58 ಸಾವಿರ. ಗೆರಿಲ್ಲಾ ಯುದ್ಧ ಅಂದರೆ ಅಗ್ಗದ ಯುದ್ಧ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಮತ್ತೆ, 1975ರ ಏಪ್ರಿಲ್ 30ಕ್ಕೆ ಸೈಗಾನಿನ ಅರಮನೆಯ ಗೇಟು ಮುರಿದದ್ದು ಟ್ಯಾಂಕು. ಅಡಗಿ ಹೊಡೆಯುವುದರಿಂದ ಎದುರಾಳಿಯನ್ನು ಸುಸ್ತು ಮಾಡಬಹುದು, ಊರು ಹಿಡಿಯಲು ಕೊನೆಗೆ ನಿಜವಾದ ಸೈನ್ಯವೇ ಬೇಕು. ಆ ಹೊತ್ತಿಗೆ ಅದು ಬಡ ಸೈನ್ಯವಾಗಿ ಉಳಿದಿರಲಿಲ್ಲ.

ಡ್ರೋನಿನ ಮಾತು. ಎರಡೂ ಕಡೆಗೆ ಕೊಯ್ಯುವ ಕತ್ತಿ ಅದು. ಉಕ್ರೇನಿನ ಹತ್ತಿರ ಹೇಳಿಕೊಳ್ಳುವಂಥ ನೌಕಾಪಡೆ ಇಲ್ಲ. 2022ರ ಏಪ್ರಿಲ್‌ನಲ್ಲಿ ಎರಡು ನೆಪ್ಚೂನ್ ಕ್ಷಿಪಣಿಯಿಂದ ರಷ್ಯಾದ ಮಾಸ್ಕ್ವಾ ಹಡಗನ್ನು ಮುಳುಗಿಸಿದರು, ಆಮೇಲೆ ನೀರಿನ ಮೇಲೆ ಓಡುವ ಡ್ರೋನುಗಳಿಂದ ಕಾಡಿ, ರಷ್ಯಾ ತನ್ನ ಹಡಗುಗಳಲ್ಲಿ ಹೆಚ್ಚಿನವನ್ನು ಕ್ರಿಮಿಯಾದ ಸೆವಾಸ್ತೊಪೋಲ್ ಬಂದರಿನಿಂದ ದೂರ ಒಯ್ಯುವಂತೆ ಮಾಡಿದರು. ಕೆಲವು ನೂರು ಡಾಲರಿನ ಡ್ರೋನ್ ಲಕ್ಷಾಂತರ ಡಾಲರಿನ ಟ್ಯಾಂಕನ್ನು ಸುಡುತ್ತದೆ. ಇದು ಬಡವರಿಗೆ ಲಾಭ. ಆದರೆ 2020ರಲ್ಲಿ ಅರ್ಮೇನಿಯನ್ನರೂ ಅಜರ್‌ಬೈಜಾನಿನವರೂ ಹೊಡೆದಾಡಿದ ಗುಡ್ಡಗಾಡು ಪ್ರದೇಶ ನಗೋರ್ನೊ ಕರಬಾಖ್ ನೋಡಿ. ಗುಡ್ಡದ ಮೇಲೆ ಕಂದಕ ತೋಡಿ ಕೂತ ಅರ್ಮೇನಿಯನ್ನರನ್ನು ಅಜರ್‌ಬೈಜಾನಿನ ಡ್ರೋನುಗಳು ಒಬ್ಬೊಬ್ಬರನ್ನಾಗಿ ಹುಡುಕಿ ಹೊಡೆದವು. ಗುಡ್ಡ ಇನ್ನು ಮರೆ ಕೊಡುವುದಿಲ್ಲ. ಶಾಖ ಹಿಡಿಯುವ ಕ್ಯಾಮೆರಾ ಬಂದ ಮೇಲೆ ಹೊವಾಂಗ್ ಕಾಮ್ ಒಲೆಯೂ ಸಾಕಾಗಲಿಕ್ಕಿಲ್ಲ.

ಹೊಸ ಆಯುಧ ಬಂದರೂ ಅದು ಹುಡುಕುವುದು ಹಳೆಯ ಗುರಿಯನ್ನೇ. ಇವತ್ತು ಉಕ್ರೇನಿನಲ್ಲಿ ಎರಡೂ ಕಡೆಯ ಡ್ರೋನುಗಳು ಮುಂಚೂಣಿಯ ಸೈನಿಕನಷ್ಟೇ ಆಸೆಯಿಂದ ಹುಡುಕುವುದು ಅವನಿಗೆ ನೀರು, ಊಟ, ಗುಂಡು ತರುವ ವಾಹನವನ್ನು. ಅದಕ್ಕೇ ಅಲ್ಲಿ ರಸ್ತೆಗಳ ಮೇಲೆ ಕಂಬ ನೆಟ್ಟು, ಕಿಲೋಮೀಟರುಗಟ್ಟಲೆ ಮೀನಿನ ಬಲೆ ಕಟ್ಟಿದ್ದಾರೆ, ಡ್ರೋನಿನ ರೆಕ್ಕೆ ಸಿಕ್ಕಿಕೊಳ್ಳಲಿ ಅಂತ. ಯುರೋಪಿನ ಮೀನುಗಾರರು ತಮ್ಮ ಹಳೆ ಬಲೆಗಳನ್ನು ಲಾರಿ ತುಂಬ ಕಳಿಸಿಕೊಟ್ಟಿದ್ದಾರೆ. ನಿಮಗೆ ಸಂಶೋಧನೆಗೆ ವಿಷಯ ಬೇಕಿದ್ದರೆ ಜಾಕ್ಸನ್ನನ ಕುಂಬಳೆ ದಳವನ್ನು ಹಿಡಿಯಿರಿ. ಅದರ ಕಾಳಗದ ಬಗ್ಗೆ ಅಲ್ಲಿ ಇಲ್ಲಿ ಬರೆದಿದ್ದಾರೆ. ಆ ದಳದ ಹೊರೆ ಹೊತ್ತವರು ಯಾವ ಊರಿನವರು, ಅಕ್ಕಿ ಯಾರ ಕಣಜದಿಂದ ಹೋಯಿತು ಎನ್ನುವುದರ ಕಡೆ ಮಾತ್ರ ಸಾಮಾನ್ಯವಾಗಿ ಯಾರೂ ತಿರುಗಿ ನೋಡುವುದಿಲ್ಲ.